ಹಳೆ ಪಿಸಿ ಟಪ್ ಅಂತ ರೀಸ್ಟಾರ್ಟ್ ಆಗುತ್ತಿದೆ: ರ‍್ಯಾಮಾ, ಎಸ್‌ಎಂಪಿಎಸ್ಸಾ, ಮದರ್‌ಬೋರ್ಡಾ?

ಸಾಗರದ_ಮಳೆ:
2014ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದೊಂದೇ ಪಾರ್ಟ್ ತಂದು ನಾನೇ ಜೋಡಿಸಿದ ಪಿಸಿ ಇದು. ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಅಂತ ಬರೆದಿರುವ, ಪಿಸಿಗೆ ಕರೆಂಟ್ ಕೊಡುವ ಲೋಕಲ್ ಎಸ್‌ಎಂಪಿಎಸ್. ಆಮೇಲೆ ಹಾಕಿದ್ದು ಎಸ್‌ಎಸ್‌ಡಿ ಒಂದೇ. ಯಕ್ಷಗಾನ ಮೇಳದ ಆಟದ ವಿಡಿಯೊ ಎಡಿಟ್ ಮಾಡೋದೆಲ್ಲ ಇದರಲ್ಲೇ.

ಎರಡು ತಿಂಗಳಿಂದ ಕಾಟ. ಎಡಿಟ್ ಆದ ವಿಡಿಯೊವನ್ನು ಪೂರ್ತಿ ಫೈಲ್ ಮಾಡೋಕೆ ರೆಂಡರಿಂಗ್‌ಗೆ ಹಾಕಿ ಊಟಕ್ಕೆ ಹೋದರೆ, ಬರುವಷ್ಟರಲ್ಲಿ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳುತ್ತಾ ಕೂತಿರುತ್ತದೆ. ಕೆಲವು ಸಲ ಸುಮ್ನೆ ಪೇಪರ್ ಓದುತ್ತಿದ್ದಾಗಲೂ ನೀಲಿ ಪರದೆ, 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ, ಉಪಯೋಗ ಇಲ್ಲ. ಅಂಗಡಿಯವರು ಐದು ನಿಮಿಷ ಆನ್ ಮಾಡಿ ನೋಡಿ "ಬೋರ್ಡ್ ಹೋಗಿದೆ" ಅಂದುಬಿಟ್ಟರು. ಏನು ಮಾಡೋದು ಮಾರಾಯ್ರೆ?

ರಬ್ಬರ್_ರಾಯರು:
ರ‍್ಯಾಮ್ ಕಣ್ರೀ, ಬೇರೇನೂ ಅಲ್ಲ. ಮಲೆನಾಡಿನ ತೇವ ಬೇರೆ. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜಿ, ಪುಡಿ ಕೊಡವಿ ವಾಪಸ್ ಹಾಕಿ. ನನ್ನ ಕೈಗೆ ಬಂದ ಹಳೆ ಪಿಸಿಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದು ಕೂತಿವೆ.

ಹುಬ್ಬಳ್ಳಿ_ಬೆಸುಗೆ:
ರಾಯರೇ, ರಬ್ಬರ್ ಉಜ್ಜೋದಕ್ಕೆ ನನ್ನ ತಕರಾರಿಲ್ಲ. ಆದರೆ ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಇಲ್ಲ ಪ್ರೋಗ್ರಾಂ ಬೀಳುತ್ತದೆ. ಕೆಲಸದ ಭಾರ ಬಿದ್ದಾಗಲೇ ಕರೆಂಟ್ ಹೋದ ಹಾಗೆ ರೀಸ್ಟಾರ್ಟ್ ಆದರೆ ನಾನು ಮೊದಲು ಹಿಡಿಯೋದು ಎಸ್‌ಎಂಪಿಎಸ್‌ನ ಕುತ್ತಿಗೆ. ಸಾಗರದವರೇ, ಅದರ ಲೇಬಲ್ ನೋಡಿ. 450 ಮರೆತುಬಿಡಿ. 12 ವೋಲ್ಟಿನ ಕೆಳಗೆ ಎಷ್ಟು ಆಂಪ್ ಇದೆ?

ಸಾಗರದ_ಮಳೆ:
14.

ಹುಬ್ಬಳ್ಳಿ_ಬೆಸುಗೆ:
ನೋಡಿದಿರಾ! 12ನ್ನು 14ರಿಂದ ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್ 84, ಕಾರ್ಡ್ 60, ಅಲ್ಲಿಗೇ 144. ಫ್ಯಾನ್, ಡಿಸ್ಕ್, ಬೋರ್ಡ್ ಬೇರೆ. ಹೊಸದಿದ್ದಾಗ ಹೇಗೋ ಎಳೆದಿದೆ. ಇಷ್ಟು ವರ್ಷಕ್ಕೆ ಒಳಗಿನ ಕೆಪಾಸಿಟರ್ ಒಣಗಿರುತ್ತವೆ. ಹಾಂ, ಕುತೂಹಲಕ್ಕೂ ಅದರ ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ಬಿಸಿ_ಚಿಪ್ಸ್:
ಹೀಟ್ ಯಾರೂ ಕೇಳಲೇ ಇಲ್ಲ? ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸೋಕೆ ಹಚ್ಚಿದ ಹತ್ತು ವರ್ಷದ ಪೇಸ್ಟ್ ಗಟ್ಟಿಯಾಗಿ ಸುಣ್ಣ ಆಗಿರುತ್ತೆ. ಅದಕ್ಕೇ ಆಫ್ ಆಗ್ತಿದೆ.

ಲಾಗ್_ಓದಿ_ಮೊದಲು:
ಹೀಟ್ ಆದರೆ ಈ ಪ್ರೊಸೆಸರ್ ಮೊದಲು ನಿಧಾನ ಆಗುತ್ತದೆ. ಅದೂ ಸಾಲದಿದ್ದರೆ ಆಫ್ ಆಗುತ್ತದೆ. ತಾನಾಗಿ ಮತ್ತೆ ಆನ್ ಆಗಿ ಪಾಸ್‌ವರ್ಡ್ ಕೇಳೋದು ಬೇರೆ ಲಕ್ಷಣ. ಟೆಂಪರೇಚರ್ ನೋಡಿ, ಬೇಡ ಅನ್ನಲ್ಲ.

ಆದರೆ ಎಲ್ಲರೂ ಕಣ್ಣುಮುಚ್ಚಿ ಪಾರ್ಟ್ ಬದಲಾಯಿಸೋಕೆ ಹೊರಟಿದ್ದೀರಲ್ಲ, ಪಿಸಿಯೇ ಡೈರಿ ಬರೆದಿಟ್ಟಿದೆ, ಓದೋಣ ಅಂತ ಅನಿಸಲಿಲ್ವಾ? ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್ ತೆಗೆದು, ಸಿಸ್ಟಮ್ ಲಾಗಿನಲ್ಲಿ 'ಕರ್ನಲ್-ಪವರ್ 41' ಹುಡುಕಿ. ಪ್ರತಿಯೊಂದರ ಡೀಟೇಲ್ಸ್ ಒಳಗೆ 'ಬಗ್‌ಚೆಕ್ ಕೋಡ್' ಅಂತ ಇರುತ್ತೆ. ತಾರೀಖಿನ ಜತೆ ಬರೆದುಕೊಂಡು ಬನ್ನಿ.

ಹೊಸದೇ_ವಾಸಿ:
ಗುರು, ಎಸೆದು ಹೊಸದು ತಗೋ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು, ವಿಂಡೋಸ್ 11ರ ಪಟ್ಟಿಯಲ್ಲಿ ನಿನ್ನ ನಾಲ್ಕನೇ ಜನರೇಷನ್ ಪ್ರೊಸೆಸರ್ ಇಲ್ಲ. ಇದಕ್ಕೆ ಯಾಕೆ ದುಡ್ಡು ಸುರೀತೀಯಾ?

ರಬ್ಬರ್_ರಾಯರು:
ಹಲ್ಲು ನೋವು ಅಂದವನಿಗೆ ಹೊಸ ತಲೆ ತಗೋ ಅಂದ ಹಾಗಾಯಿತು. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕು ವರ್ಷ ಓಡುತ್ತದೆ ಸ್ವಾಮಿ.

ಸಾಗರದ_ಮಳೆ:
ಲಾಗ್ ನೋಡಿದೆ. ಒಟ್ಟು 19 ಸಲ ಬಿದ್ದಿದೆ. 13ರಲ್ಲಿ ಬಗ್‌ಚೆಕ್ ಕೋಡ್ 0. ಆರರಲ್ಲಿ 26. ಸೊನ್ನೆಯವು ಬಹುತೇಕ ರೆಂಡರಿಂಗ್ ಹಾಕಿದ ದಿನಗಳೇ.

ಲಾಗ್_ಓದಿ_ಮೊದಲು:
ಸಿಕ್ಕಿತು. ನಿಮ್ಮದು ಒಂದು ರೋಗ ಅಲ್ಲ, ಎರಡು. 0 ಅಂದರೆ ಏನಾಯಿತು ಅಂತ ಬರೆಯೋಕೂ ವಿಂಡೋಸ್‌ಗೆ ಪುರುಸೊತ್ತು ಸಿಕ್ಕಿಲ್ಲ, ಒಮ್ಮೆಲೇ ಬಿದ್ದಿದೆ. ಅದೊಂದೇ ಎಸ್‌ಎಂಪಿಎಸ್ ಕೆಟ್ಟಿದೆ ಅನ್ನೋಕೆ ಸಾಕ್ಷಿ ಅಲ್ಲ, ಆದರೆ ಭಾರ ಬಿದ್ದಾಗಲೇ ಆಗ್ತಿರೋದರಿಂದ ಅನುಮಾನ ಅಲ್ಲಿಗೇ. 26 ಅಂದರೆ ನಿಮ್ಮ ಅದೇ ಮೆಮೊರಿ ಮ್ಯಾನೇಜ್‌ಮೆಂಟ್. ಎರಡನ್ನೂ ಒಂದೇ ದಿನ ಮುಟ್ಟಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗಲ್ಲ. ಮೊದಲು ಯಾರದಾದರೂ ಎಸ್‌ಎಂಪಿಎಸ್ ಕಡ ತನ್ನಿ.

ಹುಬ್ಬಳ್ಳಿ_ಬೆಸುಗೆ:
ಕಡ ಸಿಗೋವರೆಗೆ ಮಲ್ಟಿಮೀಟರ್ ಹಿಡಿದು ನೋಡಿ. ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರ್. 11.4ರಿಂದ 12.6ರ ಒಳಗಿರಬೇಕು. ಖಾಲಿ ಇದ್ದಾಗಿನದಲ್ಲ, ರೆಂಡರಿಂಗ್ ನಡೆಯುವಾಗಿನದು ಹೇಳಿ.

ಸಾಗರದ_ಮಳೆ:
ಖಾಲಿ ಇದ್ದಾಗ 11.9. ರೆಂಡರಿಂಗ್ ಶುರುವಾದ ಮೇಲೆ 11.3, ಒಮ್ಮೆ 11.2. ಮೀಟರ್ ಕೈಯಲ್ಲಿರುವಾಗಲೇ ರೀಸ್ಟಾರ್ಟ್ ಆಯಿತು!

ಸಾಗರದ_ಮಳೆ: (ಒಂಬತ್ತು ದಿನದ ನಂತರ)
ಭಾವನ ಪಿಸಿಯ ಎಸ್‌ಎಂಪಿಎಸ್ ಹಾಕಿ ಒಂದು ವಾರ ಆಯಿತು. ರೆಂಡರಿಂಗ್ ನಾಲ್ಕು ಸಲ ಪೂರ್ತಿ ಮುಗಿದಿದೆ. 0 ಒಂದೂ ಬಂದಿಲ್ಲ. ಆದರೆ 26 ಎರಡು ಸಲ ಬಂತು.

ರಬ್ಬರ್_ರಾಯರು:
ನಾನು ಏನು ಹೇಳಿದ್ದೆ?

ಲಾಗ್_ಓದಿ_ಮೊದಲು:
ರಾಯರೇ, ಅರ್ಧ ಅಂಕ ಕೊಟ್ಟಿದ್ದೇನೆ, ತಡೀರಿ. ಸಾಗರದವರೇ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಎರಡೂ ರ‍್ಯಾಮ್ ಒಟ್ಟಿಗೆ ಬೇಡ. ಒಂದು ರ‍್ಯಾಮ್, ಒಂದು ಸ್ಲಾಟ್. ಆಮೇಲೆ ಅದಲು ಬದಲು. ನಾಲ್ಕು ರಾತ್ರಿ ಹೋಗುತ್ತೆ, ಬೇಜಾರಾಗಬೇಡಿ.

ಸಾಗರದ_ಮಳೆ:
ಮುಗಿಯಿತು. ವಿಚಿತ್ರ ಇದೆ. ಮೊದಲ ಸ್ಲಾಟಿನಲ್ಲಿ ಎರಡು ರ‍್ಯಾಮೂ ಪಾಸ್. ಎರಡನೇ ಸ್ಲಾಟಿನಲ್ಲಿ ಎರಡೂ ಫೇಲ್, ಪರದೆ ತುಂಬ ಕೆಂಪು. ರಬ್ಬರ್ ಉಜ್ಜಿಯೂ ನೋಡಿದೆ, ಸ್ಲಾಟಿಗೆ ಬ್ಲೋವರ್ ಕೂಡ ಹಿಡಿದೆ. ಹಾಗಾದರೆ ಅಂಗಡಿಯವರು ಹೇಳಿದ್ದೇ ನಿಜವಾ?

ಹುಬ್ಬಳ್ಳಿ_ಬೆಸುಗೆ:
ಆತುರ ಬೇಡ. ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್‌ನಲ್ಲಿ ಪಿನ್ ಇರೋದು ಬೋರ್ಡಿನ ಮೇಲೆ, ಪ್ರೊಸೆಸರ್ ಅದರ ಮೇಲೆ ಒತ್ತಿ ಕೂತಿರುತ್ತದೆ. ನಿಮ್ಮ ಬೋರ್ಡಿನಲ್ಲಿ ಎರಡೇ ಸ್ಲಾಟ್, ಚಾನೆಲ್ಲಿಗೊಂದು; ಚಾನೆಲ್ ಅಂದರೆ ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ದಾರಿ. ರ‍್ಯಾಮ್ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರ್ ಇರೋದು ಪ್ರೊಸೆಸರ್ ಒಳಗೆ. ಒತ್ತಡ ಒಂದು ಕಡೆ ಸಡಿಲ ಆದರೂ ಒಂದು ಚಾನೆಲ್ ಕೈಕೊಡುವುದನ್ನು ನೋಡಿದ್ದೇನೆ. ಪ್ರೊಸೆಸರನ್ನು ಮೇಲಿನಿಂದ ಒತ್ತಿ ತಂಪಾಗಿಸುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲನ್ನು ಟಾರ್ಚ್ ಬಿಟ್ಟು ನೋಡಿ.

ಸಾಗರದ_ಮಳೆ:
ಮಾರಾಯ್ರೆ! ರ‍್ಯಾಮಿನ ಕಡೆಯ ಒಂದು ಕಾಲು ಮೇಲಕ್ಕೆದ್ದಿತ್ತು. ಬೆರಳಲ್ಲಿ ಮುಟ್ಟಿದರೆ ಕೂಲರ್ ತೊಟ್ಟಿಲ ಹಾಗೆ ತೂಗುತ್ತಿತ್ತು. ಪೂರ್ತಿ ಬಿಚ್ಚಿದೆ. ಪೇಸ್ಟ್ ಒಂದು ಮೂಲೆಯಲ್ಲಿ ಮಾತ್ರ ತೆಳು, ಉಳಿದ ಕಡೆ ದಪ್ಪಕ್ಕೆ ಒಣಗಿ ಬಿರುಕು ಬಿಟ್ಟಿತ್ತು. ಪ್ರೊಸೆಸರ್ ಎತ್ತಿ ಪಿನ್ ನೋಡಿದೆ, ಬಾಗಿದ್ದು ಯಾವುದೂ ಕಾಣಲಿಲ್ಲ. ಹೊಸ ಪೇಸ್ಟ್ ಹಾಕಿ, ಎದುರುಬದುರು ಕಾಲುಗಳನ್ನು ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ರಾತ್ರಿ ಎರಡೂ ರ‍್ಯಾಮ್ ಹಾಕಿ ಮೆಮ್‌ಟೆಸ್ಟ್ ಬಿಟ್ಟೆ, ನಾಲ್ಕು ಸುತ್ತು, ತಪ್ಪು ಸೊನ್ನೆ. ಟೆಂಪರೇಚರ್ ರೆಂಡರಿಂಗ್‌ನಲ್ಲಿ 97 ಇದ್ದದ್ದು 68ಕ್ಕೆ ಇಳಿದಿದೆ.

ಬಿಸಿ_ಚಿಪ್ಸ್:
ಪೇಸ್ಟ್ ಅಂತ ಮೊದಲೇ ಹೇಳಿದ್ದು ನಾನು. ದಾಖಲಿಸಿಕೊಳ್ಳಿ.

ಹೊಸದೇ_ವಾಸಿ:
ಸರಿ ಸರಿ. ಸದ್ಯಕ್ಕೆ ಎಸೆಯಬೇಡ. ಎಸ್‌ಎಂಪಿಎಸ್ ಆದರೂ ಒಳ್ಳೇದು ತಗೋ. ಮುಂದೆ ಹೊಸ ಪಿಸಿಗೂ ಆಗುತ್ತೆ.

ಸಾಗರದ_ಮಳೆ:
ಆರ್ಡರ್ ಮಾಡಿದ್ದೇನೆ, ಭಾವ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಇನ್ನೊಂದೇ ಕೇಳೋದಿತ್ತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತೆ. ಇದು ಮೊದಲಿಂದಲೂ ಇದೆ.

ಹುಬ್ಬಳ್ಳಿ_ಬೆಸುಗೆ:
ಇದನ್ನು ಮೊದಲೇ ಹೇಳೋದಲ್ವಾ ರೀ! ನಿಮ್ಮ ಗೋಡೆಯ ಪ್ಲಗ್ ಸಾಕೆಟ್ಟಿಗೆ ಅರ್ಥಿಂಗ್ ಇರಲಿಕ್ಕಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರಿನಿಂದಾಗಿ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ, ಆದರೆ ಪಾರ್ಟುಗಳಿಗೂ ನಿಮಗೂ ಒಳ್ಳೆಯದಲ್ಲ. ಹೊಸ ಎಸ್‌ಎಂಪಿಎಸ್ ಬರುವುದರೊಳಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅಲ್ಲಿವರೆಗೆ ಚಪ್ಪಲಿ ಹಾಕಿಕೊಂಡು ಎಡಿಟ್ ಮಾಡಿ.