ಹಳೇ ಫೋಟೋಗಳಲ್ಲಿ ಹೊಳೆ ಹಾಲಿನ ಹಾಗೆ, ಆಕಾಶ ಬರೀ ಬಿಳಿ. ಹೇಗೆ?

ತುಂಗಾದಂಡೆ:
ಫಿಲ್ಮಿನ ಬದಲು ಗಾಜಿನ ಪ್ಲೇಟಿನ ಮೇಲೆ ಚಿತ್ರ ತೆಗೆಯುತ್ತಿದ್ದ ಕಾಲದ ನದಿದಂಡೆ ಊರುಗಳ ಫೋಟೋ ನೋಡಿ. ಆಕಾಶ ಖಾಲಿ, ದೂರದ ಕಟ್ಟಡ ಮಬ್ಬು, ನೀರು ನುಣುಪು. ಶಿವಮೊಗ್ಗದಲ್ಲಿ ತುಂಗೆಯೊಳಗಿರುವ ಕೋರ್ಪಲಯ್ಯ ಮಂಟಪವನ್ನು ಹಾಗೆ ತೆಗೆಯಬೇಕು. ಟ್ರೈಪಾಡ್, 10 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ಸುಮಾರು ಸಾವಿರದ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು) ಇದೆ. ಮಂಜು ಬೀಳುವ ದಿನಕ್ಕೇ ಕಾಯಬೇಕಾ?

ಹಳೇಪ್ಲೇಟು:
ಮಂಜೇನೂ ಬೇಡ ಮಾರಾಯ್ರೆ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ಪ್ಲೇಟಿಗೆ (ಬೆಳಕು ಹಿಡಿಯುವ ಅಂಟು ಲೇಪಿಸಿದ ಗಾಜು) ಕಾಣುತ್ತಿದ್ದದ್ದು ನೀಲಿ, ನೇರಳೆ, ಅತಿನೇರಳೆ ಅಷ್ಟೇ. ಕೆಂಪಿಗೆ ಅದು ಕುರುಡು. ನೀಲಿ ಆಕಾಶ ಬರೀ ಬಿಳಿಯಾಗುತ್ತಿದ್ದದ್ದು ಅದಕ್ಕೇ. ಗಾಳಿ ಹೆಚ್ಚು ಚದುರಿಸುವುದೂ ನೀಲಿಯನ್ನೇ, ಹಾಗಾಗಿ ಕಣ್ಣಿಗೆ ನಿಚ್ಚಳವಾಗಿದ್ದ ದಿನವೂ ಪ್ಲೇಟಿನಲ್ಲಿ ದೂರದ್ದೆಲ್ಲ ಮಸುಕು. ಹೆಂಚಿನ ಮಾಡು, ಜಂಬಿಟ್ಟಿಗೆ ಗೋಡೆ ಕಪ್ಪಾಗುತ್ತಿದ್ದದ್ದೂ ಅದಕ್ಕೇ.

ಅದೇ ನೋಟ ಬೇಕಾದರೆ ರಾ ಫೈಲಿನಲ್ಲಿ (ಕ್ಯಾಮೆರಾ ಕುಗ್ಗಿಸದ ಮೂಲ ಫೈಲು) ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡುವಾಗ ಯಾವ ಬಣ್ಣ ಎಷ್ಟು ಬೇಕೆಂದು ಹೇಳುವ ಚಾನೆಲ್ ಮಿಕ್ಸರ್‌ನಲ್ಲಿ ಕೆಂಪು 0, ಹಸಿರು 0, ನೀಲಿ 100 ಇಡಿ. ನೀಲಿ ಚಾನೆಲ್‌ನಲ್ಲಿ ನಾಯ್ಸ್ (ಕಾಳು ಕಾಳು) ಜಾಸ್ತಿ, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100 ದಾಟಬೇಡಿ. ಜೆಪೆಗ್ ಆದರೆ ಆಕಾಶ ಚೌಕ ಚೌಕವಾಗಿ ಒಡೆಯುತ್ತದೆ. ಒಳ್ಳೆ ಬಿಸಿಲಿಗೆ ಎಫ್/16ರಲ್ಲಿ (ಲೆನ್ಸಿನ ಕಿಂಡಿ ಕಿರಿದು ಮಾಡಿ) 1/100 ಸೆಕೆಂಡು ಬಂದರೆ, ನಿಮ್ಮ ಎನ್‌ಡಿ ಹಾಕಿದಾಗ ಸುಮಾರು 10 ಸೆಕೆಂಡು. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್ ಮುಚ್ಚಿ, ಹಿಂದಿನಿಂದ ಬೆಳಕು ಸೋರಿ ಮಧ್ಯದಲ್ಲಿ ಪಟ್ಟೆ ಬೀಳಬಹುದು.

ಕೂಡ್ಲಿಸಂಗಮ:
ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದ್ದರೆ ಮೊದಲು ಬಿಚ್ಚಿ. ನೀರಿನ ಮಟ್ಟಕ್ಕೆ 37 ಡಿಗ್ರಿ ಆಸುಪಾಸಿನ ಓರೆಯಲ್ಲಿ ಅದು ಬಿಂಬವನ್ನೇ ನುಂಗಿಬಿಡುತ್ತದೆ. ಕ್ಯಾಮೆರಾ ಆದಷ್ಟು ತಗ್ಗಿಸಿ. ನೆಟ್ಟಗೆ ಕೆಳಗೆ ನೋಡಿದರೆ ನೀರು ನೂರಕ್ಕೆ 2 ಪಾಲು ಬೆಳಕನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಮಟ್ಟಕ್ಕೆ 10 ಡಿಗ್ರಿಗೆ ಇಳಿದರೆ 35 ದಾಟುತ್ತದೆ. ಹಳಬರ ನೀರು ಬಿಳಿಯಾದದ್ದು ಬಹುಪಾಲು ಆಕಾಶದ ಬಿಂಬದಿಂದಲೇ.

ಇನ್ನೊಂದು, ದೀರ್ಘ ಎಕ್ಸ್‌ಪೋಶರ್ ಅಲೆಯನ್ನು ಅಳಿಸುತ್ತದೆ, ಬಿಂಬವನ್ನು ಚೂಪು ಮಾಡುವುದಿಲ್ಲ. ಗಾಳಿಯಿದ್ದರೆ ಮಂಟಪದ ಕಂಬಗಳು ನೀರಲ್ಲಿ ಉದ್ದಕ್ಕೆ ಜಗ್ಗಿದ ಹಾಗೆ ಬರುತ್ತವೆ. ಬೆಳಿಗ್ಗೆ ಗಾಳಿ ಏಳುವ ಮೊದಲೇ ಮುಗಿಸಿ. ಫೋಕಸ್ ಮಂಟಪದ ಮೇಲೇ ಇರಲಿ, ಎನ್‌ಡಿ ಹಾಕುವ ಮೊದಲೇ ಮಾಡಿ ಮ್ಯಾನುಯಲ್‌ಗೆ ತಿರುಗಿಸಿ. ನೀರಿನತ್ತ ಹಿಡಿದರೆ ಆಟೋಫೋಕಸ್ ತೇಲುವ ನೊರೆಯನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲ ಬೇಡ, ತುಂಗೆ ಏರಿದರೆ ಮಂಟಪವೇ ಮುಳುಗಿರುತ್ತದೆ.

ತುಂಗಾದಂಡೆ:
ಸರಿ ಸಾರ್. ಆದರೆ ಅದೇ ಕಾಲದ ಕೆಲವು ಚಿತ್ರಗಳಲ್ಲಿ ಮೋಡ ಚೆನ್ನಾಗೇ ಇದೆಯಲ್ಲ?

ಹಳೇಪ್ಲೇಟು:
ಹೆಚ್ಚಿನವು ಎರಡು ನೆಗೆಟಿವ್ ಸೇರಿಸಿದ್ದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಪ್ರಿಂಟ್ ಹಾಕುತ್ತಿದ್ದ. ನಿಂತ ನೀರಿನ ಚಿತ್ರವಾದರೆ ಮೋಡದ ಬಿಂಬ ಹುಡುಕಿ. ಮೇಲಿದ್ದು ಕೆಳಗಿಲ್ಲದಿದ್ದರೆ ಅನುಮಾನಪಡಿ. ಅಲೆಯೆದ್ದ ನೀರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.