ಹೊಸ ಬಾಟಲಿಯ ನೀರು ನಾರುವುದು ಸ್ಟೀಲಿನಿಂದಲೋ, ಮುಚ್ಚಳದಿಂದಲೋ?

ಪ್ರಶ್ನೆ: ನಮಸ್ಕಾರ ಮೇಡಂ. ಮಗಳ ಶಾಲೆಗೆ ಅಂತ ಬಿಸಿ-ತಣ್ಣಗೆ ಇಡುವ ಸ್ಟೀಲ್ ಬಾಟಲಿ ತಂದಿದ್ದೇವೆ. ಎಷ್ಟು ತೊಳೆದರೂ ನೀರು ರಬ್ಬರ್ ವಾಸನೆ ಹೊಡೆಯುತ್ತೆ. ಅವಳು ಕುಡಿಯದೆ ತುಂಬಿದ ಬಾಟಲಿ ಹಾಗೇ ವಾಪಸ್ ತರ್ತಾಳೆ. ಸ್ಟೀಲೇ ಕಳಪೆಯಾ? ಏಲಕ್ಕಿ ಹಾಕಿಡು ಅಂತಾರೆ ನಮ್ಮತ್ತೆ.

ಉತ್ತರ (ಆಹಾರ ಪ್ಯಾಕೇಜಿಂಗ್ ಪರೀಕ್ಷಿಸುವ ರಸಾಯನಶಾಸ್ತ್ರಜ್ಞೆ): ಮಗು ದಿನವಿಡೀ ನೀರು ಕುಡಿಯದೆ ಇರೋದೇ ಇಲ್ಲಿ ದೊಡ್ಡ ತೊಂದರೆ. ವಾಸನೆ ಹೋಗುವವರೆಗೆ ಹಳೇ ಬಾಟಲಿಯನ್ನೇ ಕೊಟ್ಟು ಕಳಿಸಿ.

ತಳದಲ್ಲಿ 304 ಅಥವಾ 18/8 ಅಂತ ಇದೆಯಾ ನೋಡಿ. ಅಂದರೆ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುವ ಸ್ಟೀಲು. ಅದಕ್ಕೆ ತನ್ನದೇ ವಾಸನೆ ಇಲ್ಲ. ರಬ್ಬರ್ ವಾಸನೆ ಅಂದರೆ ನನಗೆ ಮೊದಲು ಅನುಮಾನ ಬರೋದು ಮುಚ್ಚಳದೊಳಗಿನ ಸಿಲಿಕೋನ್ ವಾಶರ್ (ನೀರು ಸೋರದಂತೆ ಹಾಕುವ, ರಬ್ಬರಿನಂಥ ಮೆತ್ತನೆ ಬಳೆ) ಮೇಲೆ. ಅಚ್ಚಿನಿಂದ ತೆಗೆದ ಸಿಲಿಕೋನನ್ನು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇಟ್ಟು, ಒಳಗೆ ಉಳಿದ ಆವಿಯಾಗುವ ಅಂಶಗಳನ್ನು ಓಡಿಸಬೇಕು. ಅದನ್ನು ಸರಿಯಾಗಿ ಮಾಡದಿದ್ದರೆ ವಾಸನೆ ಉಳಿಯುತ್ತೆ. ಮುಚ್ಚಳ ಬಿಗಿದು ಡಬ್ಬದಲ್ಲಿ ತಿಂಗಳುಗಟ್ಟಲೆ ಇಟ್ಟ ಬಾಟಲಿಯಲ್ಲಂತೂ ಅದು ಒಳಗೇ ಸೇರಿಕೊಂಡಿರುತ್ತೆ.

ಇವತ್ತು ರಾತ್ರಿ ಹೀಗೆ ಮಾಡಿ. ಬಾಟಲಿಗೆ ನೀರು ತುಂಬಿ, ಮುಚ್ಚಳದ ಬದಲು ಒಂದು ತಟ್ಟೆ ಮುಚ್ಚಿ. ಮುಚ್ಚಳವನ್ನು ಗಾಜಿನ ಬಟ್ಟಲಿನ ನೀರಲ್ಲಿ ಮುಳುಗಿಸಿ. ಇನ್ನೊಂದು ಗಾಜಿನ ಲೋಟದಲ್ಲಿ ಅದೇ ನಲ್ಲಿಯ ಬರೀ ನೀರಿಡಿ. ಬೆಳಗ್ಗೆ ಮೂರನ್ನೂ ಮೂಸಿ. ಲೋಟದ ನೀರೂ ನಾರಿದರೆ ಬಾಟಲಿಯದೇನೂ ತಪ್ಪಿಲ್ಲ, ನೀರನ್ನೇ ನೋಡಬೇಕು.

ಮುಚ್ಚಳದ್ದೇ ಅಂತಾದರೆ ವಾಶರ್ ಬಿಚ್ಚಿ ಹತ್ತು ನಿಮಿಷ ಕುದಿಸಿ, ಗಾಳಿಗೆ ಒಣಗಿಸಿ. ಒಂದೆರಡು ಸಲ ಬೇಕಾಗಬಹುದು. ಘಮಘಮ ಸೋಪು ಬೇಡ, ಸಿಲಿಕೋನ್ ಅದರ ವಾಸನೆಯನ್ನೂ ಹೀರಿಕೊಳ್ಳುತ್ತೆ. ಏಲಕ್ಕಿ ವಾಸನೆಯನ್ನು ಮುಚ್ಚುತ್ತೆ ಅಷ್ಟೇ, ತೆಗೆಯಲ್ಲ.

ಪ್ರಶ್ನೆ: ಪರೀಕ್ಷೆ ಮಾಡಿದೆ ಮೇಡಂ. ಮುಚ್ಚಳದ ನೀರೇ ಜಾಸ್ತಿ ನಾರ್ತಿತ್ತು. ಆದರೆ ಬಾಟಲಿ ಒಳಗೆ ಟಿಶ್ಯೂ ಪೇಪರಿನಿಂದ ಒರೆಸಿದರೆ ಕಪ್ಪು ಬರ್ತಿದೆ. ಬ್ಲೀಚಿಂಗ್ ಪೌಡರ್ ಹಾಕಲಾ?

ಉತ್ತರ: ಬೇಡವೇ ಬೇಡ. ಬ್ಲೀಚಿನ ಕ್ಲೋರಿನ್ ಸ್ಟೀಲಿನ ಮೇಲೆ ಸಣ್ಣ ಗುಳಿ ಮಾಡುತ್ತೆ, ಆಮೇಲೆ ಅಲ್ಲೇ ತುಕ್ಕು. ಆ ಕಪ್ಪು ಬಹುಶಃ ಪಾಲಿಶ್ ಮಾಡುವಾಗ ಹಚ್ಚಿದ ಜಿಡ್ಡಿನದು. ಜಿಡ್ಡನ್ನು ಬರೀ ನೀರು ಬಿಡಿಸಲ್ಲ. ಬಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ, ಕೋಲಿಗೆ ಸುತ್ತಿ ಒಳಗೆಲ್ಲ ಒರೆಸಿ. ಬಟ್ಟೆ ಕಪ್ಪಾಗುವುದು ನಿಂತ ಮೇಲೆ ಬಿಸಿನೀರು, ಸೋಪು, ಬ್ರಷ್. ಕೊನೆಗೆ ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಮುಚ್ಚಳ ಹಾಕದೆ ರಾತ್ರಿಯಿಡೀ ಬಿಡಿ. ಸೋಡಾ ಜೊತೆ ವಿನಿಗರ್ ಸೇರಿಸಿ ಮುಚ್ಚಳ ಬಿಗಿಯಲೇಬೇಡಿ, ಗ್ಯಾಸ್ ತುಂಬಿ ಮುಚ್ಚಳ ಸಿಡಿಯಬಹುದು. ಈ ಥರ ಬಾಟಲಿಯನ್ನು ಒಲೆ ಮೇಲೂ ಇಡಬಾರದು, ಎರಡು ಗೋಡೆಗಳ ನಡುವಿನ ನಿರ್ವಾತ ಹಾಳಾಗುತ್ತೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ತಾಮ್ರದ ಬಾಟಲಿ ಮೇಡಂ. ನೀರು ಒಗರು.

ಉತ್ತರ: ಅದು ಕರಗಿದ ತಾಮ್ರದ ರುಚಿ. ನೀರು ಹೆಚ್ಚು ಹೊತ್ತು ನಿಂತಷ್ಟೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಹುಣಸೆಹಣ್ಣು, ಉಪ್ಪಿನಿಂದ ತಿಕ್ಕಿ, ಚೆನ್ನಾಗಿ ತೊಳೆದು, ದಿನಾ ಹೊಸ ನೀರು ತುಂಬಿ. ನಿಂಬೆ ಪಾನಕ, ಮಜ್ಜಿಗೆ ಅದರಲ್ಲಿ ಹಾಕಲೇಬೇಡಿ. ಹುಳಿಗೆ ತಾಮ್ರ ಬೇಗ ಬಿಡುತ್ತೆ, ವಾಂತಿ-ಹೊಟ್ಟೆನೋವು ಬರಬಹುದು.

ಮೊದಲು ಕೇಳಿದವರಿಗೆ: ವಾಶರ್ ಮೂರ್ನಾಲ್ಕು ಸಲ ಕುದಿಸಿದ ಮೇಲೂ ನೀರಿನ ರುಚಿ ಕೆಟ್ಟೇ ಇದ್ದರೆ ಮಗುವಿಗೆ ಒಗ್ಗಿಸಲು ಹೋಗಬೇಡಿ, ಬಿಲ್ ತೋರಿಸಿ ವಾಪಸ್ ಕೊಡಿ.