ಸಾಗಾ ಷೇರು: ಇಷ್ಟೊಂದು ಏರಿಳಿತವೇಕೆ? ಈಗ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಬಹುದೇ?

ಪ್ರಶ್ನೆ – ಲಂಡನ್ ನಿವಾಸಿ

ಸದಸ್ಯರೆಲ್ಲರಿಗೂ ನಮಸ್ಕಾರ. ಬ್ರಿಟನ್ನಿನಲ್ಲಿ ಐವತ್ತು ದಾಟಿದವರಿಗೆಂದೇ ವಿಮೆ, ಪ್ರವಾಸ ಮತ್ತು ಹಡಗು ವಿಹಾರಗಳನ್ನು ಮಾರುವ ಸಾಗಾ ಕಂಪನಿಯ ಷೇರುಗಳು 2018ರಿಂದಲೂ ನನ್ನ ಐಸಾ (ಬ್ರಿಟನ್ನಿನ ತೆರಿಗೆರಹಿತ ಹೂಡಿಕೆ) ಖಾತೆಯಲ್ಲಿವೆ. ಆಗ ಅದನ್ನು ಡಿವಿಡೆಂಡ್ ಕೊಡುವ ಸ್ಥಿರ ಕಂಪನಿಯೆಂದೇ ಎಲ್ಲರೂ ಬಣ್ಣಿಸುತ್ತಿದ್ದರು. ನಂತರದ ವರ್ಷಗಳಲ್ಲಿ ಡಿವಿಡೆಂಡ್ ನಿಂತಿತು, ಷೇರುಗಳ ಸಂಖ್ಯೆ ಕುಗ್ಗಿತು, ಬೆಲೆಯಂತೂ ಪ್ರತಿ ಫಲಿತಾಂಶದ ದಿನ ಎತ್ತೆಂದರತ್ತ ಹಾರುತ್ತದೆ. ಹಳೆಯ ಬೆಲೆಯನ್ನು ಇಂದಿನದರೊಡನೆ ಹೇಗೆ ಹೋಲಿಸಬೇಕು? ವಿಮಾ ವಹಿವಾಟು ಏಜಿಯಾಸ್ ಎಂಬ ವಿಮಾ ಕಂಪನಿಯ ಕೈಗೆ ಹೋದ ಮೇಲೆ ಈ ಏರಿಳಿತ ತಗ್ಗುವುದೆಂದು ನಂಬಿ ಇನ್ನಷ್ಟು ಕೊಳ್ಳುವುದು ಸರಿಯೇ? ಬಲ್ಲವರು ತಿಳಿಸಿ.

ಉತ್ತರ 1 – ಹಳೇ ಲೆಕ್ಕಿಗ

ಮೊದಲು ಹೋಲಿಕೆಯ ವಿಷಯ. 2020ರ ಶರತ್ಕಾಲದಲ್ಲಿ ಕಂಪನಿಯು ಹದಿನೈದು ಹಳೆಯ ಷೇರುಗಳನ್ನು ಒಂದು ಹೊಸ ಷೇರಾಗಿ ಒಗ್ಗೂಡಿಸಿತು. ಆದ್ದರಿಂದ ನಿಮ್ಮ ಹಳೆಯ ಖರೀದಿ ಬೆಲೆಯನ್ನು 15ರಿಂದ ಗುಣಿಸಿದ ನಂತರವೇ ಇಂದಿನ ಬೆಲೆಯ ಪಕ್ಕದಲ್ಲಿಡಬೇಕು. 2014ರ ಮೇ ತಿಂಗಳಲ್ಲಿ 185 ಪೆನ್ಸ್‌ಗೆ ಸಾರ್ವಜನಿಕರಿಗೆ ಮಾರಿದ ಷೇರು ಇಂದಿನ ಲೆಕ್ಕದಲ್ಲಿ 2,775 ಪೆನ್ಸ್, ಅಂದರೆ 27 ಪೌಂಡ್ 75 ಪೆನ್ಸ್ ಆಗುತ್ತದೆ. ಅಂದು ಕೊಂಡವರಲ್ಲಿ ಕಂಪನಿಯ ಗ್ರಾಹಕರೇ ಆಗಿದ್ದ ನಿವೃತ್ತರು ಬಹಳ ಮಂದಿ ಇದ್ದರೆಂಬುದನ್ನು ನೆನೆದರೆ ಬೇಸರವಾಗುತ್ತದೆ; ಕಂಪನಿಯನ್ನು ಪೇಟೆಗೆ ತಂದ ಒಡೆಯರು ಮಾತ್ರ ಲೆಕ್ಕಾಚಾರದಲ್ಲಿ ಪಳಗಿದ ಖಾಸಗಿ ಈಕ್ವಿಟಿ ಸಂಸ್ಥೆಗಳು (ಕಂಪನಿಗಳನ್ನು ಕೊಂಡು ಲಾಭಕ್ಕೆ ಮಾರುವವರು).

ಏರಿಳಿತದ ಮೂಲ ಸಾಲದಲ್ಲಿದೆ. ಕೇವಲ ಉದಾಹರಣೆಗಾಗಿ, ಉದ್ಯಮದ ಒಟ್ಟು ಮೌಲ್ಯ 100 ಪೌಂಡ್, ಅದರಲ್ಲಿ ಸಾಲ 70, ಷೇರುದಾರರ ಪಾಲು 30 ಎಂದಿಟ್ಟುಕೊಳ್ಳಿ. ಒಟ್ಟು ಮೌಲ್ಯವನ್ನು ಪೇಟೆಯು 110 ಎಂದು ಅಂದಾಜಿಸಿದರೆ ಷೇರುದಾರರ ಪಾಲು 40ಕ್ಕೇರುತ್ತದೆ, 90 ಎಂದರೆ 20ಕ್ಕಿಳಿಯುತ್ತದೆ. ವ್ಯವಹಾರ ಶೇ 10ರಷ್ಟು ಅಲುಗಿದರೆ ಷೇರು ಶೇ 33ರಷ್ಟು ಅಲುಗುತ್ತದೆ. ಸಾಲ ಕೊಟ್ಟವರ 70 ಪೌಂಡ್ ಎರಡೂ ಸಂದರ್ಭದಲ್ಲಿ ಹಾಗೆಯೇ ಇರುತ್ತದೆ. ಜರ್ಮನಿಯ ಪಾಪೆನ್‌ಬರ್ಗ್‌ನಲ್ಲಿ ಕಟ್ಟಿಸಿದ ಎರಡು ಹಡಗುಗಳ ಸಾಲ ಹೆಗಲೇರಿದ ಸಮಯಕ್ಕೇ ಕೋವಿಡ್ ಬಂದು, 2020ರ ಮಾರ್ಚ್‌ನಿಂದ 2021ರ ಜೂನ್‌ವರೆಗೆ ವಿಹಾರ ಯಾತ್ರೆಗಳು ನಿಂತಿದ್ದವು. ಆ ಹೊತ್ತಿನಲ್ಲಿ ಸಂಸ್ಥಾಪಕರ ಮಗ ರೋಜರ್ ಡಿ ಹಾನ್ ಅವರು 15 ಕೋಟಿ ಪೌಂಡ್ ಬಂಡವಾಳ ಸಂಗ್ರಹದಲ್ಲಿ 10 ಕೋಟಿಯವರೆಗೆ ತಾವೇ ತೊಡಗಿಸಲು ಒಪ್ಪಿ ಅಧ್ಯಕ್ಷರಾಗಿ ಮರಳಿದರು. ಇದೇ ಕುಟುಂಬ 2004ರಲ್ಲಿ ಕಂಪನಿಯನ್ನು 135 ಕೋಟಿ ಪೌಂಡ್‌ಗೆ ಮಾರಿತ್ತು!

ಉತ್ತರ 2 – ವಿಮಾ ವೃತ್ತಿಯವ

ಹಳೇ ಲೆಕ್ಕಿಗರು ಹೇಳಿದ್ದು ನಿಜ, ಆದರೆ ಸಾಲದಷ್ಟೇ ದೊಡ್ಡ ಕಾರಣ ವಿಮೆಯಲ್ಲಿಯೂ ಇತ್ತು. ಹಳೆಯ ಗ್ರಾಹಕರು ಪ್ರಶ್ನಿಸದೆ ನವೀಕರಿಸುತ್ತಾರೆಂಬ ನೆಚ್ಚಿಕೆಯ ಮೇಲೆ ಅವರಿಂದ ಹೆಚ್ಚಿನ ಪ್ರೀಮಿಯಂ ಪಡೆದು, ಹೊಸಬರನ್ನು ಕಡಿಮೆ ದರದಿಂದ ಸೆಳೆಯುವ ಪದ್ಧತಿ ಬ್ರಿಟನ್ನಿನ ಮೋಟಾರು ಮತ್ತು ಗೃಹ ವಿಮೆಯಲ್ಲಿ ಬಹುಕಾಲ ನಡೆದಿತ್ತು. ದರ ಹೋಲಿಸುವ ಜಾಲತಾಣಗಳು ಆ ಲಾಭವನ್ನು ಮೊದಲೇ ಕೊರೆಯುತ್ತಿದ್ದವು. 2019ರ ಏಪ್ರಿಲ್‌ನಲ್ಲಿ ಸಾಗಾ 31 ಕೋಟಿ ಪೌಂಡ್ ಗುಡ್‌ವಿಲ್ ಮೌಲ್ಯವನ್ನು (ಆಸ್ತಿಗಿಂತ ಹೆಚ್ಚಾಗಿ ಹೆಸರಿಗೆಂದು ಕಟ್ಟಿದ ಬೆಲೆ) ಲೆಕ್ಕದ ಪುಸ್ತಕದಿಂದ ಕಡಿದು, ಡಿವಿಡೆಂಡನ್ನೂ ತಗ್ಗಿಸಿ, ಹೊಸ ವಿಮಾ ಕಾರ್ಯತಂತ್ರವನ್ನು ಪ್ರಕಟಿಸಿದಾಗ ಷೇರು ಒಂದೇ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. 2022ರ ಜನವರಿ 1ರಿಂದ ನವೀಕರಿಸುವ ಗ್ರಾಹಕನಿಗೆ ಹೊಸ ಗ್ರಾಹಕನಿಗಿಂತ ಹೆಚ್ಚಿನ ದರ ಹೇಳಬಾರದೆಂದು ಹಣಕಾಸು ನಿಯಂತ್ರಕ ಸಂಸ್ಥೆಯೇ ನಿಷೇಧಿಸಿತು.

ಇದರ ಮೇಲೆ ಮೂರು ವರ್ಷದ ಸ್ಥಿರ ದರದ ಪಾಲಿಸಿಯೊಂದಿತ್ತು. ಗ್ರಾಹಕನ ದೃಷ್ಟಿಯಿಂದ ಅದು ಬಹಳ ಒಳ್ಳೆಯದು. ಆದರೆ ಬಿಡಿಭಾಗ, ಗ್ಯಾರೇಜಿನ ಕೂಲಿ ಮತ್ತು ಬದಲಿ ಕಾರಿನ ಬಾಡಿಗೆ ಏರುತ್ತಲೇ ಹೋದ 2022–23ರಂಥ ಕಾಲದಲ್ಲಿ, ಮೊದಲ ವರ್ಷ ನಿಗದಿಯಾದ ಪ್ರೀಮಿಯಂನಿಂದ ಮೂರನೆಯ ವರ್ಷದ ಅಪಘಾತದ ಖರ್ಚನ್ನು ತುಂಬುವುದು ಯಾವ ವಿಮಾ ವ್ಯವಹಾರಕ್ಕೂ ಕಷ್ಟ.

ಏಜಿಯಾಸ್ ಒಪ್ಪಂದವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಇಪ್ಪತ್ತು ವರ್ಷದ ಪಾಲುದಾರಿಕೆಯ ಪ್ರಕಾರ ಮೋಟಾರು ಮತ್ತು ಗೃಹ ವಿಮೆಯ ಹೊಣೆಯನ್ನು ಬೆಲ್ಜಿಯಂ ಮೂಲದ ಏಜಿಯಾಸ್ ಹೊರುತ್ತದೆ, ಸಾಗಾ ತನ್ನ ಹೆಸರು ಮತ್ತು ಗ್ರಾಹಕ ಬಳಗವನ್ನು ಒದಗಿಸಿ ಕಮಿಷನ್ ಪಡೆಯುತ್ತದೆ. ಅಪಾಯ ಹೊರುತ್ತಿದ್ದ ಅಂಗಸಂಸ್ಥೆಯೂ 6.75 ಕೋಟಿ ಪೌಂಡ್‌ಗೆ ಏಜಿಯಾಸ್ ಪಾಲಾಗಿದೆ. ಕ್ಲೇಮುಗಳ ಹೊಡೆತ ಇನ್ನು ಸಾಗಾ ಮೇಲೆ ನೇರವಾಗಿ ಬೀಳದು. ಆದರೆ ಏಜಿಯಾಸ್ ದರವನ್ನು ಏರಿಸಿ ಗ್ರಾಹಕರು ಬೇರೆಡೆ ಹೋದರೆ ಕಮಿಷನ್ ಕರಗುತ್ತದೆ, ಆ ದರ ಈಗ ಸಾಗಾ ಹಿಡಿತದಲ್ಲಿಲ್ಲ.

ಉತ್ತರ 3 – ಜಯನಗರದಿಂದ

ಏಜಿಯಾಸ್ ಎಂಬ ಹೆಸರು ನಮ್ಮಲ್ಲಿಯೂ ಏಜಿಯಾಸ್ ಫೆಡರಲ್ ಜೀವ ವಿಮೆಯ ಮೂಲಕ ಪರಿಚಿತವೇ. ಬೆಂಗಳೂರಿನಲ್ಲಿ ಕುಳಿತು ಈ ಷೇರನ್ನು ಕೊಳ್ಳಬಯಸುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ಹಣ ಕಳುಹಿಸಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಮೊದಲೇ ಕಡಿತವಾಗುತ್ತದೆ, ರಿಟರ್ನ್ ಸಲ್ಲಿಸಿದ ಮೇಲೆ ಹೊಂದಿಕೆಯಾಗುತ್ತದೆ. ಬ್ರಿಟನ್ನಿನ ಶೇ 0.5ರ ಸ್ಟ್ಯಾಂಪ್ ತೆರಿಗೆ ಮತ್ತು ಪೌಂಡ್–ರೂಪಾಯಿ ವಿನಿಮಯದ ಖರ್ಚು ಬೇರೆ. ಇಷ್ಟೆಲ್ಲ ತೆತ್ತು, ಡಿವಿಡೆಂಡೂ ಇಲ್ಲದ ಷೇರನ್ನು ಇಲ್ಲಿಂದ ಕೊಳ್ಳುವುದು ನನಗಂತೂ ಒಗ್ಗದು.

ಉತ್ತರ 4 – ಹಳೇ ಲೆಕ್ಕಿಗ

ವಿಮಾ ವೃತ್ತಿಯವರ ಕೊನೆಯ ಮಾತು ಮುಖ್ಯ. ವಿಮೆಯ ಅಪಾಯ ದೂರವಾದಂತೆ ಕಂಪನಿಯ ಭವಿಷ್ಯ ತಲಾ ಸಾವಿರದಷ್ಟು ಪ್ರಯಾಣಿಕರ ಎರಡು ಹಡಗುಗಳ ಮೇಲೆ ಇನ್ನಷ್ಟು ವಾಲುತ್ತದೆ. 2023ರ ನವೆಂಬರಿನಲ್ಲಿ ಬಿಸ್ಕೆ ಕೊಲ್ಲಿಯ ಬಿರುಗಾಳಿಗೆ ಸಿಕ್ಕ, ಈ ಎರಡರಲ್ಲೊಂದಾದ ಸ್ಪಿರಿಟ್ ಆಫ್ ಡಿಸ್ಕವರಿ ಹಡಗಿನಲ್ಲಿ ನೂರರಷ್ಟು ಮಂದಿ ಗಾಯಗೊಂಡರು. ಅಂಥದ್ದೊಂದು ಘಟನೆಯಿಂದ ಒಂದು ಹಡಗು ಕೆಲಕಾಲ ನಿಂತರೂ ಸಮುದ್ರ ವಿಹಾರ ಸಾಮರ್ಥ್ಯದ ಅರ್ಧವೇ ನಿಂತಂತೆ.

2026ರಲ್ಲಿ ತೀರಿಸಬೇಕಿದ್ದ 25 ಕೋಟಿ ಪೌಂಡ್ ಬಾಂಡ್ ಸಾಲವನ್ನು 2025ರ ಆರಂಭದಲ್ಲಿ ಎಚ್‌ಪಿಎಸ್ ಎಂಬ ಖಾಸಗಿ ಸಾಲದಾತ ಸಂಸ್ಥೆಯ ಹೊಸ ಸಾಲದಿಂದ ತೀರಿಸಿದ್ದರಿಂದ ತಕ್ಷಣದ ಆತಂಕ ಕಳೆಯಿತು, ಸಾಲ ಮಾತ್ರ ಬೇರೊಬ್ಬರ ಪುಸ್ತಕಕ್ಕೆ ಹೋಗಿ ಕುಳಿತಿತು. ಕಂಪನಿಯ ಲೆಕ್ಕದ ವರ್ಷ ಜನವರಿ 31ಕ್ಕೆ ಮುಗಿಯುತ್ತದೆ. ವಾರ್ಷಿಕ ವರದಿ ಬಂದಾಗ ಮೊದಲ ಪುಟದ "ಮೂಲ ಲಾಭ"ವನ್ನು (ಒಮ್ಮೆ ಮಾತ್ರ ಬರುವ ಖರ್ಚುಗಳನ್ನು ಬಿಟ್ಟು ಲೆಕ್ಕ ಹಾಕಿದ ಲಾಭ) ಬದಿಗಿಟ್ಟು ನಿವ್ವಳ ಸಾಲ (ಕೈಯಲ್ಲಿರುವ ನಗದು ಕಳೆದ ಸಾಲ) ಎಷ್ಟು ಇಳಿಯಿತು, ಹಡಗಿನ ಸಾಲದ ಕಂತನ್ನು ಹಡಗಿನ ಗಳಿಕೆಯಿಂದಲೇ ಕಟ್ಟಿದರೇ, ಮುಂದಿನ ಹಂಗಾಮಿನ ಬುಕಿಂಗ್ ಎಷ್ಟಾಗಿದೆ ಎಂಬುದನ್ನು ನೋಡಿ. ಸಾಲ ಇಳಿಯುವ ವೇಗ ನಿಮಗೆ ಒಪ್ಪಿಗೆಯಾದರೆ ಹೊಸದಾಗಿ ಕೊಳ್ಳುವವರಂತೆ ನಿರ್ಧರಿಸಿ. 2018ರ ಸರಾಸರಿ ಬೆಲೆಯನ್ನು ಇಳಿಸುವುದಷ್ಟೇ ಉದ್ದೇಶವಾದರೆ ಬೇಡವೆನ್ನುತ್ತೇನೆ. ಇನ್ನೊಂದು ವಿಷಯ: ಐಸಾ ಒಳಗಿನ ನಷ್ಟವನ್ನು ಹೊರಗಿನ ಬಂಡವಾಳ ಲಾಭದ ತೆರಿಗೆಗೆ ಹೊಂದಿಸಿಕೊಳ್ಳಲು ಅವಕಾಶವಿಲ್ಲ. ಆದ್ದರಿಂದ ತೆರಿಗೆ ಉಳಿಸಲೆಂದು ಮಾರ್ಚ್ ತಿಂಗಳಲ್ಲಿ ಆತುರದಿಂದ ಮಾರಬೇಕಾದ ಪ್ರಮೇಯ ನಿಮಗಿಲ್ಲ.

ಲಂಡನ್ ನಿವಾಸಿ

ವಿವರಗಳಿಗೆ ಧನ್ಯವಾದಗಳು. ಇರುವ ಷೇರುಗಳನ್ನು ಇಟ್ಟುಕೊಳ್ಳುತ್ತೇನೆ, ಮುಂದಿನ ವಾರ್ಷಿಕ ವರದಿಯಲ್ಲಿ ನಿವ್ವಳ ಸಾಲದ ಅಂಕಿ ನೋಡುವವರೆಗೆ ಹೊಸದಾಗಿ ಕೊಳ್ಳುವುದಿಲ್ಲ.